ಕೋಟೆಯೂರಿನಲ್ಲಿ ಆರು ಮಂದಿಯ ಓಟ

ಡೆನ್ಮಾರ್ಕ್ ದೇಶದ ಜಟ್‌ಲೆಂಡ್ ಪರ್ಯಾಯದ್ವೀಪದ ಪೂರ್ವ ತೀರದಲ್ಲಿ, ಲಿಟ್ಲ್ ಬೆಲ್ಟ್ ಎಂಬ ಕಿರಿದಾದ ಜಲಸಂಧಿಯ ಮಗ್ಗುಲಲ್ಲಿ, ಫ್ರೆಡರೀಸಿಯ ಎಂಬ ಪಟ್ಟಣವಿದೆ. ಸಂತೆಯ ಸುತ್ತಲೋ ದೇವಾಲಯದ ಸುತ್ತಲೋ ತಾನಾಗಿ ಬೆಳೆದ ಊರು ಇದಲ್ಲ. 1650ರಲ್ಲಿ ಮೂರನೆಯ ಫ್ರೆಡರಿಕ್ ದೊರೆಯು ನಾಡಿನ ರಕ್ಷಣೆಗಾಗಿ ನಕ್ಷೆ ಬರೆಯಿಸಿ ಕಟ್ಟಿಸತೊಡಗಿದ ಕೋಟೆಯೂರು. ಕೋಟೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಕಲ್ಲಿನ ಗೋಡೆ ಇಲ್ಲಿಲ್ಲ. ಮಣ್ಣನ್ನು ಎತ್ತರಕ್ಕೆ ಪೇರಿಸಿ, ಮುಂಭಾಗದಲ್ಲಿ ಕಂದಕ ತೋಡಿ, ನಡುನಡುವೆ ಮೂಲೆ ಚಾಚಿದ ಕೊತ್ತಲಗಳನ್ನು ನಿಲ್ಲಿಸಿದ ದಿಬ್ಬದ ಸಾಲು ಊರನ್ನು ಬಳಸಿಕೊಂಡಿದೆ. ಈಗ ಅದರ ಮೇಲೆ ಹುಲ್ಲೂ ಮರಗಳೂ ಬೆಳೆದು ಅದು ಊರವರ ಉದ್ಯಾನವಾಗಿದೆ. ದಿಬ್ಬದ ಮೇಲೆ ಬಿಳಿಯ ಬಣ್ಣದ ಹಳೆಯ ನೀರಿನ ಗೋಪುರವೊಂದು ನಿಂತಿದೆ. ಒಳಗಿನ ಬೀದಿಗಳು ಚದುರಂಗದ ಮಣೆಯ ಗೆರೆಗಳಂತೆ ನೇರವಾಗಿ ಹರಿದು ಒಂದನ್ನೊಂದು ಅಡ್ಡಹಾಯುತ್ತವೆ.

ಯುದ್ಧಕ್ಕಾಗಿ ಕಟ್ಟಿದ ಊರು ಯುದ್ಧವನ್ನು ಕಾಣದೆ ಹೋಗಲಿಲ್ಲ. ಕಟ್ಟಿ ಏಳು ವರ್ಷ ಕಳೆಯುವಷ್ಟರಲ್ಲಿ, 1657ರಲ್ಲಿ, ಸ್ವೀಡನ್ನಿನ ಸೈನ್ಯ ಅದನ್ನು ಲಗ್ಗೆ ಹಾಕಿ ಹಿಡಿಯಿತು. ಎರಡು ಶತಮಾನಗಳ ಬಳಿಕ, 1849ರ ಜುಲೈ 6ರಂದು, ಊರನ್ನು ಮುತ್ತಿದ್ದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸೈನ್ಯದ ಮೇಲೆ ಡೇನರು ಕೋಟೆಯಿಂದ ಹೊರಬಿದ್ದು ಎರಗಿ ಮುತ್ತಿಗೆಯನ್ನು ಮುರಿದರು. ಆ ಗೆಲುವಿನ ಸ್ಮಾರಕವನ್ನು 1858ರಲ್ಲಿ ನಿಲ್ಲಿಸಿದರು. ಯುದ್ಧಸ್ಮಾರಕವೆಂದರೆ ಕುದುರೆಯೇರಿದ ದಳಪತಿ ಎಂಬ ರೂಢಿಯನ್ನು ಬಿಟ್ಟು, ಬಿಸ್ಸೆನ್ ಎಂಬ ಶಿಲ್ಪಿ ಇಲ್ಲಿ ಒಬ್ಬ ಸಾಮಾನ್ಯ ಕಾಲಾಳನ್ನು ಎರಕ ಹೊಯ್ದಿದ್ದಾನೆ. ಆ ಸೈನಿಕನಿಗೆ ಹೆಸರಿಲ್ಲ. ಎತ್ತಿದ ಕೈಯಲ್ಲಿ ಬೀಚ್ ಮರದ ಒಂದು ಕೊಂಬೆಯಿದೆ, ಅಷ್ಟೆ.

ಆ ಯುದ್ಧದ ಬೇರಿನಲ್ಲಿ ಭಾಷೆಯ ಪ್ರಶ್ನೆಯೂ ಇತ್ತು. ದಕ್ಷಿಣದ ಶ್ಲೆಸ್ವಿಗ್ ಸೀಮೆಯಲ್ಲಿ ಡೇನಿಶ್ ಮತ್ತು ಜರ್ಮನ್ ನುಡಿಯವರು ಬೆರೆತು ಬಾಳುತ್ತಿದ್ದರು. ಸೀಮೆ ಯಾರದೆಂಬ ವಾದ ಎರಡು ಯುದ್ಧಗಳಿಗೆ ಕಾರಣವಾಯಿತು. ಕೊನೆಗೆ 1920ರಲ್ಲಿ ಜನರ ಮತ ಪಡೆದು ಗಡಿಯನ್ನು ಎಳೆದರು. ಎಲ್ಲಿ ಎಳೆದರೂ ಗಡಿಯ ಈಚೆ ಒಂದಷ್ಟು, ಆಚೆ ಒಂದಷ್ಟು ಮನೆಗಳು ಉಳಿಯುತ್ತವೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಇಂದಿಗೂ ಜರ್ಮನಿಯ ಭಾಗದಲ್ಲಿ ಡೇನಿಶ್ ಶಾಲೆಗಳಿವೆ. 1869ರಲ್ಲಿ ಹುಟ್ಟಿದ ‘ಫ್ಲೆನ್ಸ್‌ಬೋರ್ ಅವೀಸ್’ ಎಂಬ ಅವರ ಪತ್ರಿಕೆ ನಡೆಯುತ್ತಿದೆ. ಡೆನ್ಮಾರ್ಕಿನ ಭಾಗದಲ್ಲಿ ಜರ್ಮನ್ ಶಾಲೆಗಳೂ ಇವೆ. ಫ್ರೆಡರೀಸಿಯಕ್ಕೂ ಹೊರಗಿನವರು ಬಂದು ನೆಲೆಸಿದ್ದುಂಟು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಮೂಲದ ಪ್ರಾಟೆಸ್ಟೆಂಟ್ ಕುಟುಂಬಗಳು ಇಲ್ಲಿಗೆ ಬಂದು ಹೊಗೆಸೊಪ್ಪು ಬೆಳೆದವು. ಅವರ ಮನೆತನದ ಹೆಸರುಗಳು ಇನ್ನೂ ಉಳಿದುಕೊಂಡಿವೆ.

ಇಂಥ ಊರಿನಲ್ಲಿ 2022ರ ಜೂನ್ ಕೊನೆಯ ವಾರ ಒಂದು ಹೊಸ ಬಗೆಯ ಸ್ಪರ್ಧೆ ನಡೆಯಿತು. ಓರಿಯಂಟೀರಿಂಗ್ ವಿಶ್ವ ಚಾಂಪಿಯನ್‌ಷಿಪ್ ಜೂನ್ 26ರಿಂದ 30ರವರೆಗೆ ಕೋಲ್ಡಿಂಗ್, ವೈಲೆ, ಫ್ರೆಡರೀಸಿಯ ಎಂಬ ಮೂರು ನೆರೆಯೂರುಗಳಲ್ಲಿ ನಡೆದಾಗ ‘ನಾಕೌಟ್ ಸ್ಪ್ರಿಂಟ್’ ಮೊದಲ ಬಾರಿಗೆ ಅದರಲ್ಲಿ ಸೇರಿತು. ಈ ಕೂಟ 2020ರಲ್ಲೇ ಆಗಬೇಕಿತ್ತು. ಕೋವಿಡ್ ಕಾರಣದಿಂದ ಎರಡು ವರ್ಷ ಮುಂದೆ ಹೋಗಿತ್ತು.

ಓರಿಯಂಟೀರಿಂಗ್ ಎಂದರೆ ನಕ್ಷೆ ಹಿಡಿದು ಓಡುವ ಆಟ. ಕೈಯಲ್ಲಿ ಒಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯ ಮೇಲೆ ನೇರಳೆಗೆಂಪು ಬಣ್ಣದ ವೃತ್ತಗಳಿಗೆ ಕ್ರಮಸಂಖ್ಯೆ ಕೊಟ್ಟಿರುತ್ತಾರೆ. ಪ್ರತಿ ವೃತ್ತದ ನಡುವೆ ಇರುವ ಜಾಗದಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಬಟ್ಟೆಯ ಗುರುತೊಂದು ತೂಗುತ್ತಿರುತ್ತದೆ. ಅದಕ್ಕೆ ಕಂಟ್ರೋಲ್ ಎಂದು ಹೆಸರು. ಎಲ್ಲ ಕಂಟ್ರೋಲ್‌ಗಳನ್ನೂ ಕ್ರಮ ತಪ್ಪದೆ ಮುಟ್ಟಿ, ಬೆರಳಿಗೆ ಕಟ್ಟಿಕೊಂಡ ಸಾಧನದಲ್ಲಿ ದಾಖಲಿಸಿ, ಬೇಗ ಬಂದವರು ಗೆದ್ದಂತೆ. ಒಂದು ತಪ್ಪಿದರೂ ಓಟ ಲೆಕ್ಕಕ್ಕಿಲ್ಲ. ಎರಡು ಕಂಟ್ರೋಲ್‌ಗಳ ನಡುವೆ ಯಾವ ದಾರಿಯಲ್ಲಿ ಹೋಗಬೇಕೆಂಬುದು ಓಟಗಾರನ ನಿರ್ಧಾರ. ಸ್ಕ್ಯಾಂಡಿನೇವಿಯದ ಸೈನಿಕರ ಅಭ್ಯಾಸದಿಂದ ಹುಟ್ಟಿದ ಈ ಆಟದ ಮೊದಲ ಸಾರ್ವಜನಿಕ ಸ್ಪರ್ಧೆ 1897ರಲ್ಲಿ ನಾರ್ವೆಯಲ್ಲಿ ಆಯಿತು. 1919ರಲ್ಲಿ ಎರ್ನ್‌ಸ್ಟ್ ಕಿಲಾಂಡರ್ ಎಂಬವರು ಸ್ಟಾಕ್‌ಹೋಮಿನ ಬಳಿ ಏರ್ಪಡಿಸಿದ ಓಟದಿಂದ ಅದು ಜನಪ್ರಿಯವಾಯಿತು. 1961ರಲ್ಲಿ ಹತ್ತು ದೇಶಗಳು ಕೋಪನ್‌ಹೇಗನ್ನಿನಲ್ಲಿ ಸೇರಿ ಅಂತಾರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಬಹುಕಾಲ ಇದು ಕಾಡಿನ ಆಟವಾಗಿತ್ತು. ಊರಿನ ಬೀದಿ, ಅಂಗಳ, ಉದ್ಯಾನಗಳಲ್ಲಿ ಓಡುವ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದದ್ದು 2001ರಲ್ಲಿ.

ಆ ನಕ್ಷೆಯನ್ನು ಒಮ್ಮೆ ಕಣ್ಣೆದುರಿಗೆ ತಂದುಕೊಳ್ಳೋಣ. ಸ್ಪ್ರಿಂಟ್ ನಕ್ಷೆಯ ಪ್ರಮಾಣ ಸಾಮಾನ್ಯವಾಗಿ 1:4000. ಎಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 40 ಮೀಟರ್. ಕಟ್ಟಡ ಬೂದು, ತೆರೆದ ಹುಲ್ಲುಗಾವಲು ಹಳದಿ, ದಟ್ಟ ಪೊದೆ ಹಸಿರು, ನೀರು ನೀಲಿ. ನೆಲದ ಏರಿಳಿತಕ್ಕೆ ಕಂದು ಗೆರೆಗಳು. ದಪ್ಪ ಕಪ್ಪು ಗೆರೆಯಿದ್ದರೆ ಅದು ದಾಟಕೂಡದ ಗೋಡೆ. ಹಾರಿ ದಾಟಬಲ್ಲೆನೆಂದು ದಾಟಿದರೂ ಅನರ್ಹತೆ. ಹಳದಿ ಬೆರೆತ ಮಸುಕು ಹಸಿರು ಬಣ್ಣವಿದ್ದರೆ ಅದು ಯಾರದೋ ಹಿತ್ತಿಲು, ಅಲ್ಲಿಗೂ ಕಾಲಿಡುವಂತಿಲ್ಲ. ಬೀದಿಯ ಹೆಸರು, ಚರ್ಚಿನ ಹೆಸರು, ಊರಿನ ಹೆಸರು ಯಾವುದೂ ಓಟದ ದಾರಿಯ ಮೇಲೆ ಬರೆದಿರುವುದಿಲ್ಲ. ಕಂಟ್ರೋಲ್ ಗೋಡೆಯ ಯಾವ ಮೂಲೆಯಲ್ಲಿದೆ, ಮೆಟ್ಟಿಲ ಬುಡದಲ್ಲಿದೆಯೋ ತುದಿಯಲ್ಲಿದೆಯೋ ಎಂಬ ವಿವರಣೆಯೂ ಚಿಹ್ನೆಗಳಲ್ಲೇ ಇರುತ್ತದೆ. ಆ ಚಿಹ್ನೆಗಳು ಎಲ್ಲ ದೇಶಗಳಿಗೂ ಒಂದೇ. ಸ್ವೀಡನ್ನಿನವಳೂ ಸ್ವಿಟ್ಜರ್‌ಲೆಂಡಿನವನೂ ಜಪಾನಿನವನೂ ಒಂದೇ ಹಾಳೆಯನ್ನು ಯಾರ ಅನುವಾದವೂ ಇಲ್ಲದೆ ಓದುತ್ತಾರೆ. ನುಡಿಗಳ ಗಡಿಗಾಗಿ ನೆತ್ತರು ಹರಿದಿದ್ದ ಊರಿನಲ್ಲಿ ನುಡಿಯೇ ಇಲ್ಲದ ನಕ್ಷೆಯೊಂದು ಹೀಗೆ ಕೈಗೆ ಬಂತು.

ಇನ್ನು ನಾಕೌಟ್ ವಿಚಾರ. ಸಾಮಾನ್ಯ ಓರಿಯಂಟೀರಿಂಗ್‌ನಲ್ಲಿ ಒಬ್ಬೊಬ್ಬರನ್ನೇ ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಪೈಪೋಟಿ ಗಡಿಯಾರದ ಜೊತೆಗೆ. ನಾಕೌಟಿನಲ್ಲಿ ಹಾಗಲ್ಲ. ಅರ್ಹತಾ ಸುತ್ತಿನಿಂದ ಪುರುಷರಲ್ಲಿ 36, ಮಹಿಳೆಯರಲ್ಲಿ 36 ಮಂದಿ ಮುಂದೆ ಬರುತ್ತಾರೆ. ಕ್ವಾರ್ಟರ್ ಫೈನಲ್‌ನಲ್ಲಿ ಆರಾರು ಮಂದಿಯ ಆರು ಗುಂಪುಗಳು; ಗುಂಪಿನ ಮೊದಲ ಮೂವರಿಗೆ ಮಾತ್ರ ಮುಂದಿನ ದಾರಿ. ಸೆಮಿಫೈನಲ್‌ನಲ್ಲಿ ಆರಾರರ ಮೂರು ಗುಂಪುಗಳು. ಮೊದಲ ಇಬ್ಬರು ಮುಂದಕ್ಕೆ. ಫೈನಲ್‌ನಲ್ಲಿ ಉಳಿಯುವವರು ಆರು ಮಂದಿ. ಈ ಮೂರೂ ಸುತ್ತುಗಳು ಒಂದೇ ದಿನ. ಒಂದೊಂದು ಓಟವೂ ಆರರಿಂದ ಎಂಟು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಒಂದು ಓಣಿಯನ್ನು ತಪ್ಪಿ ಮುಂದೆ ಹೋಗಿ ಹಿಂದಿರುಗುವಷ್ಟರಲ್ಲಿ ವರ್ಷದ ಸಿದ್ಧತೆ ಕೈಬಿಟ್ಟು ಹೋಗಿರುತ್ತದೆ. ನಾಲ್ಕನೆಯವನಾಗಿ ಬಂದವನು ಗೆದ್ದವನಿಗಿಂತ ಎರಡೇ ಹೆಜ್ಜೆ ಹಿಂದಿದ್ದರೂ ಆ ದಿನಕ್ಕೆ ಅವನ ಆಟ ಮುಗಿಯಿತು.

ಆರು ಮಂದಿ ಒಟ್ಟಿಗೆ ಹೊರಟಾಗ ಒಂದು ಆಸೆ ಹುಟ್ಟುತ್ತದೆ: ಮುಂದೆ ಓಡುತ್ತಿರುವವನು ನಕ್ಷೆ ಓದುತ್ತಿದ್ದಾನಲ್ಲ, ನಾನು ಅವನ ಬೆನ್ನು ನೋಡಿದರೆ ಸಾಕಲ್ಲವೇ? ಇದು ಪೂರಾ ದಡ್ಡತನವೂ ಅಲ್ಲ. ಹಿಂದಿನವನಿಗೆ ಯೋಚನೆಯ ಶ್ರಮ ಉಳಿಯುತ್ತದೆ. ಕೊನೆಯ ನೂರು ಮೀಟರಿಗೆ ಕಾಲಿನ ಕಸುವು ಉಳಿಯುತ್ತದೆ. ಆದರೆ ಮುಂದಿನವನು ದಾರಿ ತಪ್ಪಿದರೆ ಹಿಂದಿನವರೆಲ್ಲರೂ ತಪ್ಪುತ್ತಾರೆ. ಮುಂದಿನವನಿಗೂ ಸುಖವಿಲ್ಲ. ಐದು ಜೊತೆ ಕಾಲುಗಳ ಸದ್ದು ಬೆನ್ನ ಹಿಂದೆ ಕೇಳುತ್ತಿರುವಾಗ, ಓಟದ ವೇಗವನ್ನು ಇಳಿಸದೆ, ನಕ್ಷೆಯ ಮೇಲೆ ಹೆಬ್ಬೆರಳನ್ನು ಸರಿಸುತ್ತ, ಮುಂದಿನ ಎರಡು ತಿರುವುಗಳನ್ನು ಅವನು ಮೊದಲೇ ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು.

ಬೆನ್ನು ಹಿಡಿದು ಗೆಲ್ಲುವುದನ್ನು ತಡೆಯಲು ನಿಯಮದಲ್ಲಿ ಒಂದು ಉಪಾಯವಿದೆ. ಕೆಲವು ಸುತ್ತುಗಳಲ್ಲಿ ಓಟಕ್ಕೆ ಮುನ್ನ ಪ್ರತಿಯೊಬ್ಬನ ಮುಂದೆ ಮೂರು ನಕ್ಷೆಗಳನ್ನು ಇಡುತ್ತಾರೆ. ಮೂರರಲ್ಲೂ ಓಟದ ಒಂದು ಭಾಗದ ಕಂಟ್ರೋಲ್‌ಗಳು ಬೇರೆ ಬೇರೆ, ಉಳಿದದ್ದು ಒಂದೇ. ನೋಡಿ ಆರಿಸಿಕೊಳ್ಳಲು ಸಿಗುವುದು 20 ಸೆಕೆಂಡ್. ಪಕ್ಕದವನು ಯಾವುದನ್ನು ಆರಿಸಿದನೆಂದು ತಿಳಿಯುವಂತಿಲ್ಲ. ಓಟ ಆರಂಭವಾಗಿ ಮೊದಲ ತಿರುವಿನಲ್ಲಿ ಇಬ್ಬರು ಎಡಕ್ಕೆ, ಮೂವರು ಬಲಕ್ಕೆ, ಒಬ್ಬ ನೇರಕ್ಕೆ ಹೋದಾಗ, ನೋಡುತ್ತಿರುವವರಿಗೆ ಕ್ಷಣಕಾಲ ದಿಗಿಲಾಗುತ್ತದೆ. ಬೇರೆಯವನ ಬೆನ್ನು ನಂಬಿದವನು ಈಗ ಬೇರೆಯವನ ಕಂಟ್ರೋಲ್‌ಗೆ ಹೋಗಿ ನಿಲ್ಲುತ್ತಾನೆ. ದಾರಿಗಳು ಮತ್ತೆ ಕೂಡುವ ಬೀದಿಗೆ ಯಾರು ಮೊದಲು ಬರುತ್ತಾರೆಂದು ಜನ ಕತ್ತು ಚಾಚಿ ಕಾಯುತ್ತಾರೆ.

ನೋಡುಗರಿಗೆ ಈ ಆಟ ಹಿಂದೆಲ್ಲ ಕಷ್ಟದ್ದಾಗಿತ್ತು. ಕಾಡಿನೊಳಗೆ ಓಡುವವರನ್ನು ಯಾರು ಕಂಡಾರು? ಈಗ ಓಟಗಾರರ ಬೆನ್ನಿಗೆ ಜಿಪಿಎಸ್ ಸಾಧನ ಕಟ್ಟಿರುತ್ತಾರೆ. ಮೈದಾನದ ದೊಡ್ಡ ಪರದೆಯ ಮೇಲೆ, ಮನೆಯ ಕಿರುತೆರೆಯ ಮೇಲೆ, ನಕ್ಷೆಯೊಳಗೆ ಬಣ್ಣದ ಚುಕ್ಕೆಗಳು ಹರಿದಾಡುತ್ತವೆ. ಯಾರು ಎಲ್ಲಿದ್ದಾರೆಂದು ಲೋಕಕ್ಕೆಲ್ಲ ತಿಳಿದಿರುತ್ತದೆ, ಓಡುವವನೊಬ್ಬನನ್ನು ಬಿಟ್ಟು. ಅವನಿಗೆ ತನ್ನ ಜಾಗವನ್ನು ತಾನೇ ನಕ್ಷೆಯಲ್ಲಿ ಕಂಡುಕೊಳ್ಳದೆ ಬೇರೆ ದಾರಿಯಿಲ್ಲ.

ಇನ್ನೊಂದು ವಿಚಿತ್ರ ಕಟ್ಟಳೆಯೂ ಉಂಟು. ಸ್ಪರ್ಧೆ ಎಲ್ಲಿ ನಡೆಯುವುದೆಂದು ಪ್ರಕಟವಾದ ದಿನದಿಂದ ಸ್ಪರ್ಧಾಳುಗಳಿಗೆ ಆ ಪ್ರದೇಶ ನಿಷಿದ್ಧ. ಅಲ್ಲಿ ಅವರು ತರಬೇತಿಗೆ ಓಡುವಂತಿಲ್ಲ. ಆದುದರಿಂದ ಅವರು ಮನೆಯಲ್ಲಿ ಕುಳಿತು ಹಳೆಯ ನಕ್ಷೆಗಳನ್ನೂ ಬೀದಿಯ ಚಿತ್ರಗಳನ್ನೂ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಸ್ಪರ್ಧೆಯ ದಿನ ಎಲ್ಲರನ್ನೂ ಪ್ರತ್ಯೇಕ ಜಾಗದಲ್ಲಿ ಇರಿಸಿ ಮೊಬೈಲುಗಳನ್ನು ತೆಗೆದಿಡುತ್ತಾರೆ. ಬೀದಿಗಳು ನೇರವಾಗಿದ್ದರೆ ಓಟ ಸುಲಭವೆಂದು ತೋರೀತು. ಆದರೆ ಸಂಘಟಕರು ಒಂದೆರಡು ಓಣಿಗಳಿಗೆ ಅಡ್ಡ ಬೇಲಿ ಕಟ್ಟಿ ಅದನ್ನು ನಕ್ಷೆಯಲ್ಲೂ ಗುರುತಿಸಿದರೆ ಸಾಕು, ಮನೆಯಲ್ಲಿ ಬಾಯಿಪಾಠ ಮಾಡಿದ ಊರು ಬೇರೆಯೇ ಊರಾಗುತ್ತದೆ. ಆಗ ಕೈಯಲ್ಲಿರುವ ಹಾಳೆಯನ್ನು ಆ ಗಳಿಗೆಯಲ್ಲಿ ಓದಿದವನಿಗಷ್ಟೇ ದಾರಿ ಕಾಣುತ್ತದೆ.

ಫ್ರೆಡರೀಸಿಯದಲ್ಲಿ ಮಹಿಳೆಯರ ಚಿನ್ನ ಸ್ವೀಡನ್ನಿನ ಟೂವೆ ಅಲೆಕ್ಸಾಂಡರ್‌ಸನ್ ಅವರದಾಯಿತು, ಪುರುಷರ ಚಿನ್ನ ಸ್ವಿಟ್ಜರ್‌ಲೆಂಡಿನ ಮಥಿಯಾಸ್ ಕೀಬುರ್ಜ್ ಅವರದಾಯಿತು. ಅಲೆಕ್ಸಾಂಡರ್‌ಸನ್ ಕಾಡಿನ ಓಟದಲ್ಲೂ, ಹಿಮದ ಮೇಲೆ ಸ್ಕೀ ತೊಟ್ಟು ಆಡುವ ಓರಿಯಂಟೀರಿಂಗ್‌ನಲ್ಲೂ ವಿಶ್ವ ಚಾಂಪಿಯನ್ ಆದವರು. ಕೀಬುರ್ಜ್ ಎರಡು ವರ್ಷಗಳ ಬಳಿಕ, 2024ರ ಏಪ್ರಿಲ್‌ನಲ್ಲಿ, ಪ್ಯಾರಿಸ್ಸಿನಲ್ಲಿ ತಮ್ಮ ಮೊದಲ ಮ್ಯಾರಥಾನನ್ನು 2 ಗಂಟೆ 7 ನಿಮಿಷ 44 ಸೆಕೆಂಡುಗಳಲ್ಲಿ ಓಡಿ, ಅದೇ ವರ್ಷ ಒಲಿಂಪಿಕ್ ಮ್ಯಾರಥಾನಿನಲ್ಲಿ 30ನೆಯವರಾದರು. ಒಲಿಂಪಿಕ್ಸ್‌ನಲ್ಲಿ ಓರಿಯಂಟೀರಿಂಗ್ ಇಲ್ಲ. ಅದಕ್ಕಾಗಿ ಅವರು ನಕ್ಷೆಯನ್ನು ಬದಿಗಿಟ್ಟು, ದಾರಿ ಮೊದಲೇ ಗೊತ್ತಿರುವ ಓಟವನ್ನು ಓಡಬೇಕಾಯಿತು.

ಗಡಿಯಾಚೆಯ ಕನ್ನಡದ ಊರುಗಳಲ್ಲಿ ಕೋಟೆಗಳಿಗೆ ಕೊರತೆಯಿಲ್ಲ: ಬೇಕಲ, ಆದೋನಿ, ರಾಯದುರ್ಗ, ಸೊಲ್ಲಾಪುರ. ನಮ್ಮ ಮಕ್ಕಳು ಬಸ್ಸಿನ ಫಲಕವನ್ನು ಒಂದು ಲಿಪಿಯಲ್ಲಿ, ಪಾಠವನ್ನು ಇನ್ನೊಂದು ಲಿಪಿಯಲ್ಲಿ ಓದುತ್ತಾರೆ. ಎರಡರಲ್ಲೂ ಅವರು ಗಟ್ಟಿಗರು. ಆದರೆ ಸಮಾಜ ಪುಸ್ತಕದ ನಕ್ಷೆಗೆ ಮಾತ್ರ ಬಣ್ಣ ತುಂಬಿ ಅಂಕ ಪಡೆದು ಮುಚ್ಚಿಡುವುದು ರೂಢಿ. ದಾರಿ ಕೇಳಬೇಕಾದರೆ ಮೊಬೈಲಿನ ನೀಲಿ ಚುಕ್ಕೆ ಇದೆ. ಆ ಚುಕ್ಕೆ ನಾವು ಎಲ್ಲಿದ್ದೇವೆಂದು ಹೇಳುತ್ತದೆ. ಅದನ್ನು ಹೇಗೆ ಕಂಡುಹಿಡಿಯಬೇಕೆಂದು ಕಲಿಸುವುದಿಲ್ಲ.

ಇದಕ್ಕೆ ಡೆನ್ಮಾರ್ಕಿಗೆ ಹೋಗಬೇಕಾಗಿಲ್ಲ. ಶಾಲೆಯ ಅಂಗಳವನ್ನು ಮಕ್ಕಳೇ ಹೆಜ್ಜೆಯಿಂದ ಅಳೆದು, ಒಂದು ಸೆಂಟಿಮೀಟರಿಗೆ ಐದು ಮೀಟರಿನಂತೆ, ಒಂದು ಹಾಳೆಯ ಮೇಲೆ ಬರೆಯಲಿ. ಬಾವಿ, ಧ್ವಜಸ್ತಂಭ, ಬಿಸಿಯೂಟದ ಕೋಣೆ, ಹಲಸಿನ ಮರ ಇವಕ್ಕೆಲ್ಲ ಒಂದೊಂದು ಚಿಹ್ನೆ ಗೊತ್ತುಮಾಡಲಿ, ಅಕ್ಷರ ಬೇಡ. ದಿಕ್ಸೂಚಿ ಇಟ್ಟು ಉತ್ತರಕ್ಕೆ ಬಾಣ ಹಾಕಲಿ. ಎಂಟು ಕಡೆ ಬಣ್ಣದ ಬಟ್ಟೆ ಕಟ್ಟಿ, ನಕ್ಷೆಯಲ್ಲಿ ಎಂಟು ವೃತ್ತ ಬರೆದು, ಇಬ್ಬಿಬ್ಬರನ್ನು ಓಡಲು ಬಿಡಿ. ಮೊದಲ ದಿನ ಒಬ್ಬ ಇನ್ನೊಬ್ಬನ ಹಿಂದೆಯೇ ಓಡುವನು. ಮರುದಿನ ಇಬ್ಬರ ಕೈಗೂ ಕ್ರಮ ಬದಲಿಸಿದ ಬೇರೆ ಬೇರೆ ಹಾಳೆ ಕೊಟ್ಟು ನೋಡಿ.