ಅಜ್ಜಿಯ ಮೊಳ, ಮಷೀನಿನ ಮೊಳ

ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು 0.02 ಮಿ.ಮೀ.ವರೆಗೆ ಅಳೆದು ಅಬ್ಸರ್ವೇಶನ್ ಬುಕ್ಕಿಗೆ ಬರೆದುಕೊಳ್ಳೋ ಜನ ನಾವು. ಆದರೂ ಒಲೆಗೆ ಹಾಕೋ ಸೌದೆಗೆ ಅಳತೆ ಯಾಕೆ ಬೇಕು ಅಂತ ಕೇಳಿದರೆ ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ನಕ್ಕುಬಿಡ್ತಾರೆ. ಹೇಗಿದ್ದರೂ ಬೂದಿಯಾಗೋ ವಸ್ತು, ಒಂದು ಇಂಚು ಹೆಚ್ಚಾದರೆಷ್ಟು, ಕಡಿಮೆಯಾದರೆಷ್ಟು? ಈ ಪ್ರಶ್ನೆಗೆ ಒಂದು ಉತ್ತರ ಇದೆ, ಮೂರನೇ ಸೆಮ್ ಮುಗಿದ ರಜೆಯಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹಿತ್ತಲಲ್ಲಿ ನಮಗೆ ಸಿಕ್ಕಿದ್ದು.

ನಾವು ಅಂದರೆ ಹಾಸ್ಟೆಲ್‌ನ ಒಂದೇ ರೂಮಿನ ಇಬ್ಬರು. ಇಬ್ಬರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಅದು ನಮ್ಮಲ್ಲಿ ಒಬ್ಬನ ಅಜ್ಜಿ ಮನೆ. ಯಾರದ್ದು ಅನ್ನೋದು ಮುಖ್ಯ ಅಲ್ಲ, ಅಲ್ಲಿದ್ದಷ್ಟು ದಿನ ಇಬ್ಬರಿಗೂ ಅವರು ಅಜ್ಜಿಯೇ. ವಯಸ್ಸು 76. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಇರ್ತಾರೆ. ಮಕ್ಕಳು ಬೆಂಗಳೂರಿಗೆ ಬಾ ಅಂತ ಕರೀತಾನೇ ಇದ್ದಾರೆ. ಅಜ್ಜಿ ಹೇಳೋದು ಒಂದೇ ಮಾತು: "ನನ್ನ ಸ್ನಾನಕ್ಕೆ ನಾನೇ ನೀರು ಕಾಯಿಸ್ಕಳೋ ತನಕ ಇಲ್ಲೇ ಇರ್ತೀನಿ." ಹಾಗಾಗಿ ಬಚ್ಚಲ ಒಲೆಗೆ ಹಾಕೋ ಸೌದೆ ಅಂದರೆ ಬರೀ ಸೌದೆ ಅಲ್ಲ. ಅವರು ಆ ಮನೆಯಲ್ಲಿ ಇರಬಹುದಾದ ವರ್ಷಗಳ ಲೆಕ್ಕ ಅದು.

ಮಲೆನಾಡಿನಲ್ಲಿ ಮಳೆ ಹಿಡಿಯೋ ಮುಂಚೆ ಸೌದೆ ಕೊಟ್ಟಿಗೆ ತುಂಬಬೇಕು. ಹಸಿ ಸೌದೆ ಉರಿಯಲ್ಲ, ಹೊಗೆಯಾಡುತ್ತೆ. ಮರದೊಳಗಿನ ಒಂದು ಕೆ.ಜಿ. ನೀರು ಆವಿಯಾಗೋದಕ್ಕೇ ಸುಮಾರು 2260 ಕಿಲೋಜೂಲ್ ಶಾಖ ಬೇಕು, ಹಂಡೆಗೆ ಸಿಗಬೇಕಾದ್ದು ಅಲ್ಲೇ ಖರ್ಚಾಗುತ್ತೆ. ಮರ ಬೇಗ ಒಣಗೋದು ಕೊಯ್ದ ತುದಿಗಳಿಂದ, ಯಾಕಂದ್ರೆ ನೀರು ನಾರಿನ ಉದ್ದಕ್ಕೆ ಸುಲಭವಾಗಿ ಹರಿಯುತ್ತೆ, ಅಡ್ಡಕ್ಕೆ ಅಲ್ಲ. ಅಂದರೆ ಗಿಡ್ಡ ತುಂಡು ಬೇಗ ಒಣಗುತ್ತೆ, ಉದ್ದ ತುಂಡು ನಿಧಾನ. ಎಲ್ಲ ಒಂದೇ ಉದ್ದ ಇದ್ದರೆ ಎಲ್ಲ ಹೆಚ್ಚುಕಡಿಮೆ ಒಟ್ಟಿಗೇ ಒಣಗುತ್ತೆ, ಒಟ್ಟಿದ ರಾಶಿಯೂ ಜರಿಯಲ್ಲ.

ಕಳೆದ ಮಳೆಗಾಲದ ಗಾಳಿಗೆ ಹಿತ್ತಲಿನ ಅಕೇಶಿಯಾ ಬಿದ್ದಿತ್ತು. ಅದನ್ನು ಕೊಯ್ಯೋಕೆ ಚೈನ್‌ಸಾ ತಗೊಂಡು ಪಕ್ಕದ ಊರಿನವರೊಬ್ಬರು ಬಂದರು. ನಾವು ಅವರನ್ನು ಮಷೀನಣ್ಣ ಅಂತಾನೇ ಕರೆದ್ವಿ. ಮಷೀನ್ ಮುಟ್ಟೋಕೆ ಅವರು ನಮಗೆ ಬಿಡಲಿಲ್ಲ. ಅಳೆದು ಗುರುತು ಹಾಕೋದು ನಮ್ಮ ಕೆಲಸ, ಕೊಯ್ಯೋದು ಅವರ ಕೆಲಸ.

ಎಷ್ಟುದ್ದ ಅನ್ನೋದೇ ಮೊದಲ ಪ್ರಶ್ನೆ. ಮಷೀನಣ್ಣನ ಹತ್ರ ರೆಡಿ ಉತ್ತರ ಇತ್ತು: ಮಷೀನಿನ ಬ್ಲೇಡ್ 18 ಇಂಚು, ಅದನ್ನೇ ಮರದ ಮೇಲೆ ಅಡ್ಡ ಇಟ್ಟು ನೋಡಿದರೆ ಅಳತೆ ಮುಗೀತು. 18 ಇಂಚು ಅಂದರೆ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ, ಎರಡು ಗೇಣು. ನಾವು ಟೇಪ್ ಹಿಡಿದು ಒಲೆಯ ಬಾಯಿಂದ ಹಿಂದಿನ ಗೋಡೆಯವರೆಗೆ ಅಳೆದ್ವಿ. 52 ಸೆಂ.ಮೀ. 18 ಇಂಚು ಅಂದರೆ 46 ಸೆಂ.ಮೀ., ಆರಾಮಾಗಿ ಹಿಡಿಯುತ್ತೆ.

ಅಜ್ಜಿ ಜಗಲಿಯಿಂದಲೇ ಹೇಳಿದರು, "ಅಷ್ಟುದ್ದ ಬ್ಯಾಡ ಮಾರಾಯ. ಇಷ್ಟು ಸಾಕು." ಇಷ್ಟು ಅಂದರೆ ಅವರ ಎಡಗೈ, ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಅಳೆದರೆ 16 ಇಂಚು, ಹತ್ತಿರ ಹತ್ತಿರ 41 ಸೆಂ.ಮೀ. ಅದು ಅಜ್ಜಿಯ ಮೊಳ.

ಒಲೆಗೆ ಎರಡೂ ಹಿಡಿಯುತ್ತೆ. ಮತ್ತೆ ಎರಡು ಇಂಚು ಯಾಕೆ ಕಡಿಮೆ? ಕೊಟ್ಟಿಗೆಯಿಂದ ಬಚ್ಚಲಿಗೆ ಅಂಗಳ ದಾಟಬೇಕು. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿರುತ್ತೆ. ಅಜ್ಜಿ ಸೌದೆಯನ್ನು ಎಡಗೈ ಮಡಚಿ ಮಗು ಎತ್ತಿಕೊಂಡ ಹಾಗೆ ಹಿಡೀತಾರೆ, ಬಲಗೈಯಲ್ಲಿ ಗೋಡೆ ಹಿಡ್ಕೊಂಡು ಹೋಗ್ತಾರೆ. ತುಂಡು ತೋಳಿಗಿಂತ ಉದ್ದ ಆದರೆ ತುದಿ ಜೋತು ಬೀಳುತ್ತೆ, ಬಲಗೈಯೂ ಬೇಕಾಗುತ್ತೆ, ಗೋಡೆ ಬಿಡಬೇಕಾಗುತ್ತೆ.

ತೂಕವನ್ನೂ ಲೆಕ್ಕ ಹಾಕಿದ್ವಿ. 10 ಸೆಂ.ಮೀ. ವ್ಯಾಸದ ಒಣ ತುಂಡು, ಘನ ಮೀಟರಿಗೆ ಸುಮಾರು 650 ಕೆ.ಜಿ. ಅಂತ ಹಿಡಿದರೆ, 46 ಸೆಂ.ಮೀ.ಗೆ 2.35 ಕೆ.ಜಿ., 41 ಸೆಂ.ಮೀ.ಗೆ 2.1 ಕೆ.ಜಿ. ತುಂಡಿಗೆ ಕಾಲು ಕೆ.ಜಿ. ಉಳೀತು. ಒಂದು ಸಲಕ್ಕೆ ನಾಲ್ಕು ತುಂಡು ಒಯ್ದರೆ ಒಂದು ಕೆ.ಜಿ. ಇನ್ನು ಖರ್ಚು? 24 ಅಡಿಯ ದಿಮ್ಮಿಯಲ್ಲಿ 16 ತುಂಡಿನ ಬದಲು 18 ತುಂಡು, ಅಂದರೆ ಎರಡೇ ಎರಡು ಕೊಯ್ತ ಜಾಸ್ತಿ. ಮಷೀನಣ್ಣ ತಲೆ ಆಡಿಸಿದರು.

ಆಮೇಲೆ ಅಳೆಯೋದು ಹೇಗೆ ಅನ್ನೋ ಪ್ರಶ್ನೆ. ಸಾಮಾನ್ಯವಾಗಿ ಜನ ಮಾಡೋದು ಏನಂದ್ರೆ, ಕೊಯ್ದ ತುಂಡನ್ನೇ ದಿಮ್ಮಿಯ ಮೇಲಿಟ್ಟು ಮುಂದಿನ ಗುರುತು ಹಾಕೋದು. ನಿಮಗೆಲ್ಲ ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸ್ ನೆನಪಿರಬಹುದು: ಒಂದು ಅಳತೆಯ ತುದಿಯಿಂದ ಇನ್ನೊಂದು ಶುರು ಮಾಡೋ ಚೈನ್ ಡೈಮೆನ್ಶನಿಂಗ್‌ನಲ್ಲಿ ತಪ್ಪುಗಳು ಕೂಡಿಕೊಳ್ತಾ ಹೋಗುತ್ತವೆ. ಇಲ್ಲೂ ಹಾಗೇ. ಗುರುತು ಯಾವಾಗಲೂ ತುಂಡಿನ ತುದಿಯಿಂದ ಚೂರು ಹೊರಗೇ ಬೀಳೋದು. ಸಲಕ್ಕೆ 3 ಮಿ.ಮೀ. ಅಂತ ಇಟ್ಕೊಳ್ಳಿ. ಹೀಗೆ ನಕಲಿನ ನಕಲು ಮಾಡ್ತಾ ಹೋದರೆ 18ನೇ ತುಂಡಿಗೆ 51 ಮಿ.ಮೀ., ಅಂದರೆ ಸರಿಯಾಗಿ ಎರಡು ಇಂಚು. ಅಜ್ಜಿಯ ಮೊಳದಲ್ಲಿ ಶುರುವಾಗಿದ್ದು ಯಾರಿಗೂ ಗೊತ್ತಾಗದ ಹಾಗೆ ಮಷೀನಿನ ಮೊಳ ಆಗಿರುತ್ತೆ!

ಹಾಗಾಗಿ ಒಂದು ಅಡಿಕೆ ದಬ್ಬೆಯನ್ನು ಅಜ್ಜಿಯ ಕೈಗೆ ಹಿಡಿದು ಕತ್ತರಿಸಿದ್ವಿ. ಎಲ್ಲ ಗುರುತೂ ಅದರಿಂದಲೇ. ಒಂದು ತುಂಡಿನ ತಪ್ಪು ಮುಂದಿನ ತುಂಡಿಗೆ ದಾಟಲ್ಲ. ಜಗತ್ತಿನ ಮೀಟರ್ ಕೂಡ ಬಹಳ ವರ್ಷ ಹೀಗೇ ಇತ್ತು. 1889ರಿಂದ 1960ರವರೆಗೆ ಮೀಟರ್ ಅಂದರೆ ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಪ್ಲಾಟಿನಂ-ಇರಿಡಿಯಂ ಸರಳಿನ ಮೇಲಿನ ಎರಡು ಗೆರೆಗಳ ನಡುವಿನ ದೂರ. 1983ರಿಂದ ಅದು ಬೆಳಕಿನ ವೇಗಕ್ಕೆ ಗಂಟು ಬಿದ್ದಿದೆ. ನಮ್ಮದು ದಬ್ಬೆಗೆ.

ಮಷೀನಣ್ಣ ಕೊಯ್ಯೋದನ್ನು ನೋಡಿದ್ದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನ ಒಂದು ಲ್ಯಾಬ್ ಆದ ಹಾಗಾಯ್ತು. ದಿಮ್ಮಿಯ ಎರಡೂ ತುದಿಗೆ ಆಸರೆ ಇದ್ದರೆ ಮೇಲಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದಿದ್ದನ್ನು ಕೆಳಗಿನಿಂದ ಕೊಯ್ತಿದ್ರು. ತುದಿ ಹೊರಗೆ ಚಾಚಿದ್ದರೆ ಉಲ್ಟಾ: ಮೊದಲು ಕೆಳಗಿನಿಂದ, ಆಮೇಲೆ ಮೇಲಿಂದ. "ಇಲ್ಲಾಂದ್ರೆ ಮರ ಕಚ್ಕಂಡ್‌ಬಿಡ್ತದೆ" ಅಂದರು. ನಾವು ಕಂಪ್ರೆಶನ್ ಸೈಡ್, ಟೆನ್ಶನ್ ಸೈಡ್ ಅಂತ ಪರೀಕ್ಷೆಯಲ್ಲಿ ಬರೆದಿದ್ದು ಅದನ್ನೇ. ಚೈನಿಗೆ ಮಣ್ಣು ತಾಗಿದರೆ ಹಲ್ಲು ಮೊಂಡಾಗುತ್ತೆ ಅಂತ ಕೊನೇ ಎರಡು ಇಂಚನ್ನು ದಿಮ್ಮಿ ಹೊರಳಿಸಿಯೇ ಕೊಯ್ತಿದ್ರು.

ಟಾಲರೆನ್ಸ್ ವಿಷಯವೂ ಅಲ್ಲೇ ಅರ್ಥ ಆಯ್ತು. ಚೈನ್ ಪ್ರತಿ ಕೊಯ್ತಕ್ಕೆ ಸುಮಾರು 8 ಮಿ.ಮೀ. ಮರ ಹುಡಿ ಮಾಡುತ್ತೆ, ತುಂಡು ಅಷ್ಟು ಗಿಡ್ಡ ಆಗುತ್ತೆ. ಅದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಒಂದು ಇಂಚು ಉದ್ದ ಆದರೆ ಅಜ್ಜಿ ಗೋಡೆ ಬಿಡಬೇಕು. ಆದ್ದರಿಂದ ನಮ್ಮ ಸೌದೆಯ ಟಾಲರೆನ್ಸ್ ಎರಡೂ ಕಡೆ ಸಮ ಅಲ್ಲ: ಹೆಚ್ಚಿಗೆ ಸೊನ್ನೆ, ಕಡಿಮೆಗೆ 2 ಸೆಂ.ಮೀ. ಡ್ರಾಯಿಂಗ್ ಶೀಟಿನಲ್ಲಿ ಇಂಥ ನಂಬರ್‌ಗಳನ್ನು ನಾವು ಎಷ್ಟೋ ಸಲ ಕಾಪಿ ಮಾಡಿದ್ದೀವಿ. ಪ್ರತಿ ನಂಬರಿನ ಹಿಂದೆ ಯಾರದ್ದೋ ಒಂದು ಕೈ ಇರಬಹುದು ಅಂತ ಯಾವ ಶೀಟೂ ಹೇಳಿರಲಿಲ್ಲ.

ಹೊರಡೋ ದಿನ ದಬ್ಬೆಯನ್ನು ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿ, ಮುಂದಿನ ವರ್ಷ ಯಾರು ಕೊಯ್ದರೂ ಇದೇ ಅಳತೆ ಅಂದ್ವಿ. ಅಜ್ಜಿ ಅದನ್ನು ತಮ್ಮ ತೋಳಿಗೆ ಹಿಡಿದು ನೋಡಿದರು. "ಬರೋ ವರ್ಷಕ್ಕೆ ಇದನ್ನೇ ಇಟ್ಕಬ್ಯಾಡಿ. ಆಗ ಎಷ್ಟು ಎತ್ತಕ್ಕಾಗ್ತದೆ ನೋಡ್ಕಂಡು ಹೇಳ್ತೀನಿ" ಅಂದರು.

ಮುಂದಿನ ರಜೆಗೆ ಐದನೇ ಸೆಮ್ ಮುಗಿದಿರುತ್ತೆ. ಟೇಪ್ ತಗೊಂಡು ಹೋಗ್ತೀವಿ.