ಬಣ್ಣವೂ ಉಸಿರೂ

ಭಾನುವಾರದ ಬೆಳಗ್ಗೆ ಹಿತ್ತಲಿನ ತಗಡಿನ ಕೊಟ್ಟಿಗೆಯ ಎರಡು ಬಾಗಿಲನ್ನೂ ತೆರೆದು, ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಬರಿದು ಮಾಡಿ ತೊಳೆದು ಒಣಗಿಸಿದ ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕನ್ನು ತೊಲೆಯಿಂದ ತೂಗುಬಿಟ್ಟು, ಸ್ಪ್ರೇ ಗನ್ನನ್ನು ಹಿಡಿದು ಅದರೆದುರು ನಿಲ್ಲುವ ಹೊತ್ತಿಗೆ ಸಮನಾದ ಸುಖವನ್ನು ನಾನು ಬೇರಾವ ವಿನೋದದಲ್ಲಿಯೂ ಕಂಡವನಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದ ಆ ವಾಹನಗಳ ಪೈಕಿ ಒಂದು ನನ್ನ ತಂದೆಯವರ ಕಾಲದಿಂದ ನಮ್ಮ ಮನೆಯಲ್ಲಿದೆ. 1996ರಲ್ಲಿ ಕಾರ್ಖಾನೆಯೇ ಬಾಗಿಲು ಮುಚ್ಚಿತು. ಆದರೂ ಮರೂನ್ ಬಣ್ಣದ ಆ ಟ್ಯಾಂಕಿನ ಮೇಲೆ ನನ್ನನ್ನು ಮುಂದೆ ಕುಳ್ಳಿರಿಸಿಕೊಂಡು ತಂದೆಯವರು ಪೇಟೆಗೆ ಹೊರಡುತ್ತಿದ್ದ ಸಂಜೆಗಳು ನನ್ನಲ್ಲಿ ಇನ್ನೂ ಮಾಸಿಲ್ಲ. ಮಾಸಿದುದು ಬಣ್ಣ ಮಾತ್ರ. ಅದನ್ನು ಮರಳಿ ತರುವ ಆಸೆಯೇ ನನ್ನನ್ನು ಈ ಕೈಗೆಲಸಕ್ಕೆ ಕರೆತಂದಿತು.

ಇದು ಅವಸರವನ್ನು ಒಲ್ಲದ ವಿದ್ಯೆ. ತುಕ್ಕನ್ನು ಕೆರೆದು, ತಗ್ಗುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಕೊಟ್ಟು, ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜುತ್ತ ಹೋದಂತೆ, ಕಣ್ಣಿಗೆ ನಿಲುಕದ ಉಬ್ಬುತಗ್ಗುಗಳನ್ನು ಅಂಗೈ ತಾನಾಗಿ ಓದಿ ಹೇಳತೊಡಗುತ್ತದೆ. ಅನಂತರವೇ ಗನ್ನಿಗೆ ಅಧಿಕಾರ. ಅದನ್ನು ಒಂದು ಗೇಣಿನಷ್ಟು ದೂರದಲ್ಲಿ, ಲೋಹದ ಮೈಗೆ ಸಮಾನಾಂತರವಾಗಿ, ಸಮವೇಗದಲ್ಲಿ ಸಾಗಿಸಬೇಕು; ಪ್ರತಿಯೊಂದು ಪಟ್ಟೆಯೂ ಹಿಂದಿನ ಪಟ್ಟೆಯ ಅರ್ಧವನ್ನು ಹೊದೆಯಬೇಕು; ಕೈ ತಡೆದರೆ ಬಣ್ಣ ಸೋರಿ ಕೆಳಗಿಳಿಯುತ್ತದೆ, ಕೈ ಧಾವಿಸಿದರೆ ಮೈ ತರಿತರಿಯಾಗುತ್ತದೆ. ಆಷಾಢದ ತೇವದ ದಿನಗಳಲ್ಲಿ ಎನ್.ಸಿ. (ನೈಟ್ರೊಸೆಲ್ಯುಲೋಸ್) ಬಣ್ಣವನ್ನು ಸಿಂಪಡಿಸಿದರೆ, ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ಹಸಿ ಅದರ ಮೇಲೆ ಕೂತು, ಬಣ್ಣವೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಗಾಳಿಯ ಗುಣಾವಗುಣಗಳನ್ನು ಅರಿಯದವನಿಗೆ ಬಣ್ಣ ಒಲಿಯದು ಎಂಬ ಮೊದಲ ಪಾಠವನ್ನು ನಾನು ಕಲಿತದ್ದು ಹಾಗೆ. ಗಾಳಿಯ ಬಗೆಗಿನ ಎರಡನೆಯ ಪಾಠ ತಡವಾಗಿ ಬಂದಿತು; ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಸ್ಪ್ರೇ ಗನ್ನಿನ ಜನ್ಮವೃತ್ತಾಂತ ನನ್ನನ್ನು ಹಲವು ಬಾರಿ ಚಿಂತನೆಗೆ ಹಚ್ಚಿದೆ. ಅಮೆರಿಕದ ಟೊಲೀಡೊ ನಗರದಲ್ಲಿ ಅಲನ್ ಡಿವಿಲ್ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧವನ್ನು ನವಿರಾದ ತುಂತುರಾಗಿ ಮುಟ್ಟಿಸಲೆಂದು 1880ರ ದಶಕದಲ್ಲಿ ಒಂದು ಸಾಧನವನ್ನು ನಿರ್ಮಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರ ಮಗ ಥಾಮಸ್ ಆ ತತ್ತ್ವವನ್ನೇ ಬಣ್ಣಕ್ಕೆ ಅನ್ವಯಿಸಿದರು. ದ್ರವವನ್ನು ಸೂಕ್ಷ್ಮವಾಗಿ ಒಡೆದಷ್ಟೂ ಅದು ಉಸಿರಿನೊಡನೆ ಒಳಕ್ಕೆ ಸಾಗುತ್ತದೆಯೆಂಬುದು ವೈದ್ಯನಿಗೆ ವರವಾಗಿದ್ದ ಗುಣ. ಬಣ್ಣಗಾರನ ಪಾಲಿಗೆ ಆ ಗುಣವೇ ಅಪಾಯವಾಗಿ ಪರಿಣಮಿಸಿತು.

ಇಂದಿನ ವಾಹನಗಳಿಗೆ ಕನ್ನಡಿಯ ಕಾಂತಿಯನ್ನೂ, ಬಿಸಿಲು ಪೆಟ್ರೋಲುಗಳನ್ನು ತಾಳಿಕೊಳ್ಳುವ ದಾರ್ಢ್ಯವನ್ನೂ ಕೊಡುವುದು ಪಿ.ಯು. (ಪಾಲಿಯುರೆಥೇನ್) ಬಣ್ಣ. ಗಟ್ಟಿಯಾಗಲೆಂದು ಅದಕ್ಕೆ ಬೆರೆಸುವ ಹಾರ್ಡನರಿನಲ್ಲಿರುವುದು ಐಸೊಸೈಯನೇಟ್. 1984ರ ಭೋಪಾಲದ ವಿಷಾನಿಲ ದುರಂತದಿಂದ ಆ ಕುಲದ ಹೆಸರು ನಮಗೆ ಪರಿಚಿತ. ಇಲ್ಲಿರುವುದು ಆ ವಿಷಾನಿಲವಲ್ಲ, ಅದೇ ಕುಲದ ಬೇರೊಂದು ವಸ್ತು. ಥಿನ್ನರಿನ ಘಾಟು ಮೂಗಿಗೆ ಬಡಿದು ಎಚ್ಚರಿಸುತ್ತದೆ, ತಲೆ ಸುತ್ತಿಸಿ ಹೊರಗೆ ಅಟ್ಟುತ್ತದೆ; ಐಸೊಸೈಯನೇಟ್ ಆದರೋ ಕೇಡುಮಾಡುವಷ್ಟು ಗಾಳಿಯಲ್ಲಿ ಬೆರೆತಿದ್ದರೂ ವಾಸನೆಯಿಂದ ತನ್ನ ಸುಳಿವು ಕೊಡದು. ವರ್ಷಗಟ್ಟಲೆ ಏನೂ ಆಗದವನ ದೇಹ ಒಂದು ದಿನ ಅದಕ್ಕೆ ಮುನಿದುಬಿಟ್ಟರೆ, ಅಲ್ಲಿಂದಾಚೆಗೆ ಅದರ ಲೇಶಮಾತ್ರವೂ ಉಬ್ಬಸವನ್ನು ತರಬಲ್ಲುದು.

ನನಗೆ ಗನ್ ಹಿಡಿಯಲು ಕಲಿಸಿದ ಮೇಸ್ತ್ರಿಗೆ ಆದದ್ದು ಹೀಗೆಯೇ. ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡು, ಕೆಲಸ ಮುಗಿದ ಮೇಲೆ ಒಂದು ಅಚ್ಚು ಬೆಲ್ಲ ತಿಂದು ಹಾಲು ಕುಡಿದರೆ ಎದೆ ಶುದ್ಧವಾಗುತ್ತದೆಂದು ನಂಬಿ, ಅವರು ಮೂವತ್ತು ವರ್ಷ ದುಡಿದಿದ್ದರು. ಬೆಲ್ಲವೂ ಹಾಲೂ ಹೋಗುವ ದಾರಿ ಬೇರೆ, ಉಸಿರಿನ ದಾರಿ ಬೇರೆ. ಬಟ್ಟೆಯ ಎಳೆಗಳ ನಡುವೆ ಆವಿ ಸರಾಗವಾಗಿ ನುಸುಳುತ್ತದೆ. ರಾತ್ರಿಯ ಹೊತ್ತು ಕೆಮ್ಮು, ಎದೆಬಿಗಿತ. ಊರಹಬ್ಬಕ್ಕೆ ನಾಲ್ಕು ದಿನ ಅಂಗಡಿ ಮುಚ್ಚಿದರೆ ಆರಾಮ. ಮತ್ತೆ ತೆರೆದರೆ ಮತ್ತೆ ಕೆಮ್ಮು. ರೋಗಿಯನ್ನು ಆತನ ಕಸುಬು ಯಾವುದೆಂದು ಕೇಳಲೇಬೇಕೆಂದು ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲಿಯೇ ಕುಶಲಕರ್ಮಿಗಳ ರೋಗಗಳನ್ನು ಕುರಿತ ಗ್ರಂಥದಲ್ಲಿ ಬರೆದಿದ್ದರು. ಮೇಸ್ತ್ರಿಯನ್ನು ಹಾಗೆ ಕೇಳಿದ ವೈದ್ಯರು ಸಿಕ್ಕುವ ವೇಳೆಗೆ ಅವರು ಗನ್ನನ್ನು ಶಾಶ್ವತವಾಗಿ ಕೆಳಗಿಡಬೇಕಾಗಿ ಬಂದಿತ್ತು.

ಆ ಸುದ್ದಿ ಕೇಳಿದ ದಿನ ಕೊಟ್ಟಿಗೆಗೆ ಹೋಗಿ ಕುಳಿತವನಿಗೆ ಎದುರಿಗೇ ಕಂಡದ್ದು ಕಂಪ್ರೆಸರಿನ ಗಾಳಿಗೆ ನಾನು ಕಟ್ಟಿದ್ದ ಫಿಲ್ಟರ್. ನೀರಿನ ಒಂದು ಹನಿ, ಎಣ್ಣೆಯ ಒಂದು ಕಣ ಬಣ್ಣದ ಮೇಲೆ ಬಿದ್ದರೆ ಹೊಳಪಿನ ನಡುವೆ ಮೀನಿನ ಕಣ್ಣಿನಂಥ ಗುಳಿ ಮೂಡುತ್ತದೆಂದು, ಆ ಗಾಳಿಯನ್ನು ಸೋಸಿ ಒಣಗಿಸಿ ಕೊಡುತ್ತಿದ್ದೆ. ಒಂದು ತಗಡಿನ ಮೈಗೆ ಇಷ್ಟು ಶುದ್ಧವಾದ ವಾಯುವನ್ನು ಅರ್ಪಿಸಿದ ನಾನು ನನ್ನ ಎದೆಗೆ ಕೊಟ್ಟಿದ್ದು ಒಂದು ಚದರ ಮೊಳ ಬಟ್ಟೆ! ಕಲೆಯಲ್ಲಿ ತೋರಿದ ಶ್ರದ್ಧೆ ಕಲೆಗಾರನ ದೇಹದ ಹೊಸ್ತಿಲಲ್ಲಿ ನಿಂತುಬಿಟ್ಟರೆ ಆ ಶ್ರದ್ಧೆ ಅರೆಯಾದುದೆಂದು ಅಂದು ಮನಸ್ಸಿಗೆ ನಾಟಿತು.

ಅಂದಿನಿಂದ ನನ್ನ ಸಿದ್ಧತೆಯ ಕ್ರಮ ಬೆಳೆಯಿತು. ಎನ್.ಸಿ. ಬಣ್ಣಕ್ಕೂ ಥಿನ್ನರಿಗೂ ಇದ್ದಲಿನ ಡಬ್ಬಿಗಳುಳ್ಳ ಮಾಸ್ಕ್ ಧರಿಸುತ್ತೇನೆ. ಗಡ್ಡದ ಕೂದಲಿದ್ದರೆ ಅಂಚಿನಲ್ಲಿ ಸಂದು ಬಿಡುತ್ತದೆಂದು ಬೆಳಗ್ಗೆಯೇ ಕ್ಷೌರ ಮಾಡಿಕೊಂಡು, ಡಬ್ಬಿಗಳನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದು, ಮಾಸ್ಕ್ ಮುಖಕ್ಕೆ ಅಂಟಿಕೊಳ್ಳುವುದನ್ನು ನೋಡಿಯೇ ಮುಂದುವರಿಯುತ್ತೇನೆ. ಇದ್ದಲು ತೆರೆದ ಗಾಳಿಯಲ್ಲಿಯೂ ಆವಿಯನ್ನು ಹೀರಿ ಸವೆಯುವುದರಿಂದ, ಕೆಲಸ ಮುಗಿದೊಡನೆ ಅದನ್ನು ಬಿಗಿ ಮುಚ್ಚಳದ ಡಬ್ಬದೊಳಗಿಟ್ಟು, ಬಳಸಲಾರಂಭಿಸಿದ ದಿನಾಂಕವನ್ನು ಅದರ ಮೇಲೆ ಬರೆಯುತ್ತೇನೆ. ಪಿ.ಯು. ಸಿಂಪಡಿಸುವ ದಿನ ಈ ಮಾಸ್ಕನ್ನು ನೆಚ್ಚುವುದಿಲ್ಲ. ಇದ್ದಲು ಸೋತಾಗ ವಾಸನೆಯಿಲ್ಲದ ಶತ್ರು ಒಳನುಗ್ಗಿದುದನ್ನು ಹೇಳುವವರಾರು? ಅಂದು, ಗಾಳಿ ಬೀಸಿಬರುವ ದಿಕ್ಕಿನಲ್ಲಿ, ಕೊಟ್ಟಿಗೆಯಿಂದ ದೂರದ ಮಾವಿನ ಮರದ ಕೆಳಗೆ ಉಸಿರಾಟಕ್ಕೆಂದೇ ತಯಾರಿಸಿದ ಪುಟ್ಟ ಬ್ಲೋವರನ್ನು ಇಟ್ಟು, ಅಲ್ಲಿಂದ ಕೊಳವೆಯ ಮೂಲಕ ಮುಖವಾಡದೊಳಕ್ಕೆ ತಾಜಾ ಗಾಳಿಯನ್ನು ತರಿಸಿಕೊಳ್ಳುತ್ತೇನೆ. ಚರ್ಮದ ಮೂಲಕವೂ ಈ ವಸ್ತು ದೇಹವನ್ನು ಕೆರಳಿಸಬಲ್ಲುದಾದ್ದರಿಂದ ಕೈಗೆ ನೈಟ್ರೈಲ್ ಗವಸು, ಮೈಗೆ ತುಂಬುತೋಳಿನ ಅಂಗಿ. ಕೈಯನ್ನು ಥಿನ್ನರಿನಲ್ಲಿ ತೊಳೆಯುವ ಹಳೆಯ ಚಾಳಿಯನ್ನು ಬಿಟ್ಟಿದ್ದೇನೆ.

ಬೆಂಕಿಯ ಭಯವನ್ನೂ ಮರೆಯುವಂತಿಲ್ಲ. ಥಿನ್ನರಿನಲ್ಲಿರುವ ಟೊಲೂಯಿನ್ 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಸೂಸುತ್ತದೆ. ನಮ್ಮ ಸೀಮೆಯ ಮಾಗಿಯ ಚಳಿಗೂ ಅದು ಅಡಗುವುದಿಲ್ಲ. ಆವಿ ಗಾಳಿಗಿಂತ ಭಾರ. ಹಾವಿನಂತೆ ನೆಲ ಹಿಡಿದು ಹರಿದು ದೂರದ ಕಿಡಿಯನ್ನು ಮುಟ್ಟುತ್ತದೆ. ಆದಕಾರಣ ಕಂಪ್ರೆಸರ್ ಗೋಡೆಯಾಚೆ. ಸ್ವಿಚ್ಚು ಒತ್ತುವುದೆಲ್ಲ ಮೊದಲೇ. ಒದ್ದೆ ವೇಸ್ಟ್ ಬಟ್ಟೆ ಮುಚ್ಚಳವಿರುವ ಲೋಹದ ಡಬ್ಬಕ್ಕೆ.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಸುಖ ಉಳಿಯುವುದೆ ಎಂದು ಕೇಳಿದವರುಂಟು. ಉಳಿಯುತ್ತದೆ ಮಾತ್ರವಲ್ಲ, ತಿಳಿಯಾಗುತ್ತದೆ. ಹಿಂದೆ ಉಸಿರು ಬಿಗಿಹಿಡಿದು ಅವಸರದಲ್ಲಿ ಎಳೆಯುತ್ತಿದ್ದ ಪಟ್ಟೆಗಳು ಈಗ ನಿಡಿದಾದ ಉಸಿರಾಟದ ಲಯಕ್ಕೆ ಸಮನಾಗಿ ಸಾಗುತ್ತವೆ. ಮರೂನ್ ಮಂಜು ಮುಖದೆದುರು ತೇಲುತ್ತಿರುವಾಗಲೇ ನನ್ನ ಎದೆಯೊಳಗೆ ಇಳಿಯುವುದು ಮಾವಿನ ನೆರಳಿನ ತಂಪು.

ಟ್ಯಾಂಕಿನ ಮೇಲಿನ ಸಪೂರವಾದ ಗೆರೆಯನ್ನು ಎಳೆಯುವವರು ಇಂದಿಗೂ ಮೇಸ್ತ್ರಿಯವರೇ. ಹಾರ್ಡನರ್ ಬೇಡದ ಎನಾಮೆಲ್ ಬಣ್ಣ, ಅಳಿಲಿನ ಕೂದಲಿನ ಕುಂಚ, ಅವರ ಮನೆಯ ತೆರೆದ ಜಗಲಿ. ಬಣ್ಣ ಪೂರ್ಣವಾಗಿ ಗಟ್ಟಿಯಾದ ಮೇಲೆ ಬಟ್ಟೆಯಲ್ಲಿ ಸುತ್ತಿದ ಟ್ಯಾಂಕನ್ನು ಅವರ ಮುಂದೆ ಇಟ್ಟಾಗ, ಗಂಟು ಬಿಚ್ಚಲು ಹೋದ ನನ್ನ ಕೈಯನ್ನು ತಡೆದು ಅವರು ಪ್ರತಿ ಸಲವೂ ಕೇಳುತ್ತಾರೆ: “ಉಸಿರಿಗೆ ಏನು ಮಾಡಿಕೊಂಡಿದ್ರಿ, ಅದನ್ನ ಮೊದಲು ಹೇಳಿ ಸ್ವಾಮಿ. ಟ್ಯಾಂಕು ಆಮೇಲೆ ನೋಡೋಣ.”