ಮೌಂಟನ್ ವ್ಯೂನ ಮುದಿಯಂತ್ರಗಳು

ಸ್ಯಾನ್‌ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ ಸಾಗಿದರೆ ಮೌಂಟನ್ ವ್ಯೂ ಎಂಬ ಊರು. ಅಲ್ಲಿನ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ ಬೇಸಗೆಯಲ್ಲಿ ನೆರೆಯುತ್ತ ಬಂದಿರುವ ಹಳೆಯ ಯಂತ್ರಗಳ ಜಾತ್ರೆ ಪ್ರೇಕ್ಷಣೀಯವಾದುದು.

ಮೇಜಿನ ಮೇಲೆ 9 ಅಂಗುಲದ ಪರದೆಯ ಪುಟ್ಟ ಮ್ಯಾಕಿಂಟಾಷ್. 1989ರಲ್ಲಿ ಹೊರಬಂದ ಈ ಎಸ್‌ಇ/30ಕ್ಕೆ ಶತ್ರು ಹೊರಗಿಲ್ಲ, ಒಡಲಲ್ಲೇ ಇದೆ. ಗಡಿಯಾರವನ್ನು ನಡೆಸುವ ಚಿಕ್ಕ ಬ್ಯಾಟರಿ ಮುಪ್ಪಿನಲ್ಲಿ ಒಡೆಯುತ್ತದೆ, ಕೆಪಾಸಿಟರುಗಳು ಸೋರುತ್ತವೆ; ಆ ದ್ರವ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಬಲ್ಲವರು ಮೊದಲು ಬ್ಯಾಟರಿಯನ್ನು ತೆಗೆದು, ಹೊಸ ಕೆಪಾಸಿಟರುಗಳನ್ನು ಬೆಸೆಯುತ್ತಾರೆ. ಸವೆದ ಡಿಸ್ಕಿನ ಬದಲಿಗೆ ಅಂಚೆಚೀಟಿಯಷ್ಟರ ಮೆಮೊರಿ ಕಾರ್ಡನ್ನು ಕೂಡಿಸುತ್ತಾರೆ. ಈಥರ್‌ನೆಟ್ ಕಾರ್ಡಿನಿಂದ ಜಾಲಕ್ಕೆ ಜೋಡಿಸುತ್ತಾರೆ.

ತಡಮಾಡಿದವರಿಗೆ ಉಳಿಯುವುದು ಬರಿಯ ಪೆಟ್ಟಿಗೆ. ಸಕಾಲದಲ್ಲಿ ಆರೈಕೆ ಮಾಡಿದವರ ಮುಂದೆ, ಗುಂಡಿಯೊತ್ತಿದೊಡನೆ, ಪರದೆಯ ನಡುವೆ ಆ ನಗುಮೊಗದ ಪುಟ್ಟ ಚಿತ್ರ ಮತ್ತೆ ಮೂಡುತ್ತದೆ.